ಗಾಡಿಮನೆಗೊಂದು ಚಪ್ಪರ

ಜೂನ್‌ನಲ್ಲಿ ಅಮೆರಿಕದ ಅರಿಜೋನಾ ಮರುಭೂಮಿಗೆ ಆರ್‌ವಿ ತಗೊಂಡು ಹೋಗಬೇಡಿ ಅಂತ ಗೊತ್ತಿದ್ದವರೆಲ್ಲ ಹೇಳಿದ್ದರು. ಮಕ್ಕಳಿಗೆ ರಜೆ ಸಿಗುವುದೇ ಆಗ, ಏನು ಮಾಡೋದು? ಆರ್‌ವಿ ಅಂದರೆ ಗೊತ್ತಲ್ವಾ, ಒಲೆ, ಮಂಚ, ಬಚ್ಚಲು ಎಲ್ಲ ಒಳಗೇ ಇರುವ ಬಸ್ಸಿನಂಥ ಗಾಡಿ. ಒಂದನ್ನು ಬಾಡಿಗೆಗೆ ಹಿಡಿದು ಪೇಜ್ ಎಂಬ ಊರಿನ ಹತ್ತಿರ, ಲೇಕ್ ಪೊವೆಲ್ ಪಕ್ಕದಲ್ಲಿ ನಿಲ್ಲಿಸಿದೆವು. ಸಂಜೆ ಐದು ಗಂಟೆ. ಚಾವಣಿಯ ಎ.ಸಿ. ಮಧ್ಯಾಹ್ನದಿಂದ ಒಂದೇ ಸಮನೆ ಗುಂಯ್‌ಗುಡುತ್ತಿತ್ತು, ಒಳಗೆ ಮಾತ್ರ 34 ಡಿಗ್ರಿ. ಕಿಟಕಿಯ ಕಂದು ಪರದೆ ಸರಿಸೋಣ ಅಂತ ಕೈ ಹಾಕಿದರೆ ಆಗಷ್ಟೇ ಇಸ್ತ್ರಿ ಮಾಡಿಟ್ಟ ಪಂಚೆಯಷ್ಟು ಬಿಸಿ.

ಎ.ಸಿ.ಯನ್ನು ಬೈಯುವ ಮೊದಲು ಸಣ್ಣದೊಂದು ಲೆಕ್ಕ ಹಾಕೋಣ. ಮೋಡವಿಲ್ಲದ ದಿನ, ಬಿಸಿಲಿಗೆ ನೇರ ಎದುರಾಗಿ ಹಿಡಿದ ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು 1000 ವಾಟ್ ಶಕ್ತಿ ಬೀಳುತ್ತದೆ. ಸಂಜೆ ಪಶ್ಚಿಮಕ್ಕೆ ಮುಖ ಮಾಡಿದ ಕಿಟಕಿಗೆ 700 ಅಂತ ಇಟ್ಟುಕೊಳ್ಳಿ. ಮಾಮೂಲಿ ಒಂಟಿ ಗಾಜು ಅದರಲ್ಲಿ ನೂರಕ್ಕೆ ಎಂಬತ್ತೈದು ಪಾಲನ್ನು ಒಳಗೆ ಬಿಡುತ್ತದೆ, ಅಂದರೆ ಹೆಚ್ಚುಕಡಿಮೆ 600 ವಾಟ್. ಮುಂದಿನ ದೊಡ್ಡ ಗಾಜೂ ಸೇರಿ ಮೂರು ಚದರ ಮೀಟರ್ ಗಾಜು ಬಿಸಿಲಿಗೆ ಒಡ್ಡಿಕೊಂಡರೆ 1800 ವಾಟ್. ನಮ್ಮ ಗಾಡಿಯಲ್ಲಿದ್ದದ್ದು 13,500 ಬಿ.ಟಿ.ಯು. ಎ.ಸಿ., ಅದು ಹೊರಹಾಕಬಲ್ಲ ಶಾಖ ಸುಮಾರು 4000 ವಾಟ್. ಅರ್ಧದಷ್ಟು ದುಡಿಮೆ ಬರೀ ಕಿಟಕಿಗಳಿಗೇ ಹೋಯಿತು! ಚಾವಣಿ, ಗೋಡೆ, ಫ್ರಿಜ್, ಒಲೆ, ಸುಮ್ನೆ ಕೂತರೂ ತಲಾ 100 ವಾಟ್ ಶಾಖ ಬಿಡುವ ನಾವು ನಾಲ್ಕು ಜನ, ಇವರೆಲ್ಲರ ಸರದಿ ಇನ್ನೂ ಬಂದೇ ಇಲ್ಲ.

ಬಿಸಿಲಿನಲ್ಲಿ ಕಣ್ಣಿಗೆ ಕಾಣುವ ಬೆಳಕು ಅರ್ಧಕ್ಕಿಂತ ಕಡಿಮೆ. ಸುಮಾರು ಅರ್ಧ ಪಾಲು ಕಾಣದ ಇನ್‌ಫ್ರಾರೆಡ್. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳವಿಜ್ಞಾನಿ ಪಟ್ಟಕದಿಂದ ಬಿಸಿಲನ್ನು ಬಣ್ಣಗಳಾಗಿ ಒಡೆದು, ಕೆಂಪಿನ ಆಚೆ ಏನೂ ಕಾಣದ ಕಡೆ ಥರ್ಮಾಮೀಟರ್ ಇಟ್ಟಾಗ ಅಲ್ಲೂ ಪಾದರಸ ಏರಿತು, ಹೀಗೆ ಇದು ಪತ್ತೆಯಾದದ್ದು. ಕಿಟಕಿಯ ಗಾಜು ಈ ಎರಡನ್ನೂ ಬಹುಪಾಲು ಬಿಡುತ್ತದೆ. ಒಳಬಂದದ್ದು ಸೀಟಿಗೋ ಪರದೆಗೋ ತಾಗಿ ಹೀರಿಕೊಂಡರೆ ಶಾಖವಾಗುತ್ತದೆ. ಬಿಸಿಯಾದ ಪರದೆ ತಾನೂ ಇನ್‌ಫ್ರಾರೆಡ್ ಹೊರಸೂಸುತ್ತದೆ, ಆದರೆ ಅದರ ಅಲೆ ತುಂಬಾ ಉದ್ದ, ಅದನ್ನು ಗಾಜು ದಾಟಿಸುವುದಿಲ್ಲ. ಇದನ್ನೇ ಎಲ್ಲರೂ ದೊಡ್ಡದಾಗಿ ಹೇಳುತ್ತಾರೆ. ನಿಜ ಹೇಳಬೇಕೆಂದರೆ ಮುಚ್ಚಿದ ಗಾಡಿ ಕಾಯುವುದಕ್ಕೆ ಇನ್ನೂ ದೊಡ್ಡ ಕಾರಣ, ಒಳಗೆ ಬಿಸಿಯಾದ ಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲದಿರುವುದು. 1909ರಲ್ಲಿ ಆರ್. ಡಬ್ಲ್ಯು. ವುಡ್ ಎಂಬ ವಿಜ್ಞಾನಿ ಒಂದು ಪೆಟ್ಟಿಗೆಗೆ ಗಾಜು, ಇನ್ನೊಂದಕ್ಕೆ ಉದ್ದ ಅಲೆಯನ್ನೂ ಬಿಟ್ಟುಕೊಡುವ ಕಲ್ಲುಪ್ಪಿನ ಹಲಗೆ ಮುಚ್ಚಿ ನೋಡಿದ್ದ. ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾದವು.

ಹಾಗಾಗಿ ಮಾಡಬೇಕಾದ ಕೆಲಸ ಇಷ್ಟೇ: ಬೆಳಕು ಬೆಳಕಾಗಿರುವಾಗಲೇ ಅದನ್ನು ವಾಪಸ್ ಕಳಿಸಬೇಕು. ಒಮ್ಮೆ ಶಾಖವಾಯಿತೋ, ಮತ್ತೆ ಎ.ಸಿ.ಯೇ ಗತಿ. ನಮ್ಮ ಕಂದು ಪರದೆ ಮಾಡಿದ್ದು ತಿರುಗಾಮುರುಗಾ ಕೆಲಸ, ಬೆಳಕನ್ನೆಲ್ಲ ಕುಡಿದು ಗಾಡಿಯೊಳಗೇ ಒಂದು ಹೀಟರ್ ಆಗಿ ಕೂತಿತ್ತು. ಅದೇ ಜಾಗದಲ್ಲಿ ಬೆಳ್ಳಿ ಬಣ್ಣದ ಹಾಳೆ ಇದ್ದರೆ ಬಹುಪಾಲು ಬೆಳಕು ಬಂದ ದಾರಿಯಲ್ಲೇ ಗಾಜು ದಾಟಿ ಹೊರಗೆ ಹೋಗುತ್ತದೆ. ಅಲ್ಲಿಯವರು ಕಿಟಕಿ ಅಳತೆಗೆ ಕತ್ತರಿಸಿ ಸಿಕ್ಕಿಸುವ ಬುಡುಬುಡು ಗುಳ್ಳೆಯ ಬೆಳ್ಳಿ ಹಾಳೆ, ರಿಫ್ಲೆಕ್ಟಿಕ್ಸ್ ಅಂತ ಬರುತ್ತದಲ್ಲ, ಅದರ ಗುಟ್ಟು ಇದೇ. ಅಂಗಡಿ ದೂರವಿದ್ದದ್ದರಿಂದ ನಾವು ಅಡುಗೆಯ ಅಲ್ಯೂಮಿನಿಯಂ ಫಾಯಿಲನ್ನು ರಟ್ಟಿಗೆ ಅಂಟಿಸಿ ನಿಲ್ಲಿಸಿದೆವು. ಯಾವ ಮುಖ ಹೊರಗೆ ಅಂತ ಮನೆಯಲ್ಲಿ ಸಣ್ಣ ಜಗಳವೂ ಆಯಿತು. ಎರಡು ಮುಖಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಬಿಡಿ.

ಆದರೂ ಒಳಗಿನ ಹಾಳೆಗಿಂತ ಹೊರಗಿನ ನೆರಳೇ ಮೇಲು. ಇದಕ್ಕೆ ನನಗೆ ಗೊತ್ತಿರುವ ಭಾರೀ ಸಾಕ್ಷಿ ಭೂಮಿಯ ಮೇಲಿನದ್ದಲ್ಲ. 1973ರ ಮೇ 14ರಂದು ಅಮೆರಿಕ ತನ್ನ ಮೊದಲ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬನ್ನು ಹಾರಿಸಿತು. ಹಾರಿದ ಸುಮಾರು ಒಂದು ನಿಮಿಷಕ್ಕೇ ಅದರ ಹೊರಕವಚ ಕಿತ್ತುಹೋಯಿತು. ಉಲ್ಕೆಯ ಚೂರುಗಳನ್ನು ತಡೆಯುವುದರ ಜೊತೆಗೆ ನೆರಳು ಕೊಡಬೇಕಾಗಿದ್ದೂ ಅದೇ. ಒಳಗಿನ ಬಿಸಿ 50 ಡಿಗ್ರಿ ದಾಟಿತು. ನಾಸಾದ ಜ್ಯಾಕ್ ಕಿನ್ಜ್ಲರ್ ಎಂಬ ತಂತ್ರಜ್ಞ ಒಂದರೊಳಗೊಂದು ಸೇರುವ ಮೀನಿನ ಗಾಳದ ಕೋಲುಗಳನ್ನು ಅಂಗಡಿಯಿಂದ ತಂದು, ಬಟ್ಟೆ ಕಟ್ಟಿ, ಕೊಡೆಯ ಮಾದರಿ ಮಾಡಿ ತೋರಿಸಿದ. ಮೇ 26ರಂದು ಅಲ್ಲಿಗೆ ತಲುಪಿದ್ದ ಗಗನಯಾತ್ರಿಗಳು ಅದೇ ಥರದ, ಅಲ್ಯೂಮಿನಿಯಂ ಲೇಪದ ದೊಡ್ಡ ಕೊಡೆಯನ್ನು ಪುಟ್ಟ ಕಿಂಡಿಯಿಂದ ಹೊರಗೆ ತೂರಿಸಿ ಬಿಚ್ಚಿದರು. ಒಳಗೆ ಬಿಸಿ ಇಳಿಯತೊಡಗಿತು, ನಿಲ್ದಾಣ ಉಳಿಯಿತು. ಅಷ್ಟೊಂದು ಕೋಟಿ ಖರ್ಚಿನ ಮನೆಗೆ ಕೊನೆಗೆ ಬೇಕಾದದ್ದು ನಮ್ಮೂರಲ್ಲಿ ಬೇಸಿಗೆ ಬಂದರೆ ಅಂಗಳಕ್ಕೆ ಹಾಕುವ ತೆಂಗಿನಗರಿ ಚಪ್ಪರ!

ಚಪ್ಪರಕ್ಕೆ ತಾಗಿದ ಬಿಸಿಲು ಚಪ್ಪರವನ್ನು ಕಾಯಿಸುತ್ತದೆ. ಆ ಬಿಸಿಯನ್ನು ಹೊರಗಿನ ಗಾಳಿಯೇ ಒಯ್ಯುತ್ತದೆ. ಆರ್‌ವಿಗೆ ಇದನ್ನು ಮಾಡಲು ಸುಲಭದ ದಾರಿ ಶೇಡ್ ನೆಟ್, ಅದೇ, ನರ್ಸರಿಯಲ್ಲಿ ಸಸಿಗಳ ಮೇಲೆ ಕಟ್ಟುವ ಬಲೆ. ಕಿಟಕಿಯ ಹೊರಗೆ, ಗಾಜಿಗೆ ಅಂಟದಂತೆ ನಾಲ್ಕು ಬೆರಳು ಸಂದು ಬಿಟ್ಟು ಕಟ್ಟಬೇಕು. ಗಾಳಿ ಆಡುತ್ತದೆ, ಹೊರಗಿನದ್ದು ಮಸುಕಾಗಿ ಕಾಣುತ್ತದೆ ಕೂಡ. ಗಾಡಿ ಓಡಿಸುವ ಮೊದಲು ಬಿಚ್ಚಿ. ಬಾಗಿಲ ಮೇಲಿನ ಮಡಚುವ ಚಪ್ಪರವೂ ಒಳ್ಳೆಯದೇ, ಆದರೆ ಮರುಭೂಮಿಯ ಸಂಜೆಗಾಳಿಗೆ ಅದನ್ನು ಬಿಚ್ಚಿಟ್ಟು ಈಜಾಡಲು ಹೋಗಬೇಡಿ. ನಮ್ಮದು ಹರಿಯಿತು, ದಂಡ ಕಟ್ಟಿದೆವು.

ಕಿಟಕಿ ಗಾಜಿಗೆ ಅಂಟಿಸುವ ಕಪ್ಪು ಫಿಲ್ಮ್ ಬಗ್ಗೆ ಒಂದು ಮಾತು. ಕಪ್ಪಗಿದ್ದಷ್ಟೂ ತಂಪು ಅನ್ನೋದು ತಪ್ಪು. ಅಗ್ಗದ ಫಿಲ್ಮ್ ಬೆಳಕನ್ನು ಹೀರಿ ಗಾಜನ್ನೇ ಕಾಯಿಸುತ್ತದೆ, ಕಾದ ಗಾಜು ಒಂದಿಷ್ಟನ್ನು ಒಳಗೂ ತಳ್ಳುತ್ತದೆ. ಇನ್‌ಫ್ರಾರೆಡನ್ನು ತಡೆಯುವ ಒಳ್ಳೆಯ ಫಿಲ್ಮ್ ನೋಡಲು ಹೆಚ್ಚುಕಡಿಮೆ ತಿಳಿಯಾಗಿಯೇ ಇರಬಹುದು. ಬೆಲೆ ಮಾತ್ರ ಜಾಸ್ತಿ.

ಇನ್ನು ಆರ್‌ವಿಗೆ ಇರುವ, ಊರಿನ ಯಾವ ಮನೆಗೂ ಇಲ್ಲದ ಅನುಕೂಲ: ಇಡೀ ಮನೆಯನ್ನೇ ತಿರುಗಿಸಬಹುದು. ಪೇಜ್‌ನಂಥ ಕಡೆ ಜೂನ್ ಮಧ್ಯಾಹ್ನ ಸೂರ್ಯ ಬಹುತೇಕ ನೆತ್ತಿಗೆ ಬಂದಿರುತ್ತಾನೆ, ದಕ್ಷಿಣದ ಕಿಟಕಿಗೆ ಓರೆಯಾಗಿ ತಾಗಿ ಜಾರುತ್ತಾನೆ. ಕಾಟ ಕೊಡುವುದು ಕೆಳಗಿಳಿದ ಸಂಜೆಯ ಸೂರ್ಯ, ಆಗ ಅಡ್ಡ ಚಪ್ಪರದ ಕೆಳಗಿಂದಲೇ ನುಗ್ಗುತ್ತಾನೆ. ಮೊದಲ ದಿನ ಸರೋವರ ಕಾಣಲಿ ಅಂತ ನಾವು ದೊಡ್ಡ ಗಾಜನ್ನು ಪಶ್ಚಿಮಕ್ಕೇ ತಿರುಗಿಸಿ ನಿಲ್ಲಿಸಿದ್ದೆವು, ಸರಿಯಾಗಿ ಬುದ್ಧಿ ಕಲಿಸಿತು. ಮರುದಿನ ಮೂತಿ ಪೂರ್ವಕ್ಕೆ, ಕಿಟಕಿಯೇ ಇಲ್ಲದ ಹಿಂಭಾಗ ಪಶ್ಚಿಮಕ್ಕೆ. ಚಾವಣಿಯ ಕಿಂಡಿಗೂ ಒಂದು ದಿಂಬು ತುರುಕಿದೆವು. ಒಂದಡಿ ಚಿಲ್ಲರೆ ಅಗಲದ ಅದೊಂದರಿಂದಲೇ ಮಧ್ಯಾಹ್ನ 100 ವಾಟ್ ಇಳಿಯುತ್ತದೆ, ಕರೆಯದೇ ಬಂದ ಐದನೆಯವನಿದ್ದ ಹಾಗೆ. ಆವತ್ತು ಸಂಜೆ ಐದಕ್ಕೆ ಒಳಗೆ 28 ಡಿಗ್ರಿ, ಎ.ಸಿ. ನಡುನಡುವೆ ಉಸಿರು ಬಿಡುತ್ತಿತ್ತು.

ರಾತ್ರಿ ಮರುಭೂಮಿ ಬೇಗ ತಣಿಯುತ್ತದೆ. ಹತ್ತು ಗಂಟೆಗೆ ದಿಂಬು ತೆಗೆದು, ಚಾವಣಿಯ ಫ್ಯಾನ್ ಹಾಕಿ, ಕೆಳಗಿನ ಎರಡು ಕಿಟಕಿ ತೆರೆದು ಮಲಗಿದೆವು. ಅಲ್ಲಿ ಜೂನ್‌ನಲ್ಲಿ ಬೆಳಗ್ಗೆ ಐದಕ್ಕೆಲ್ಲ ಸೂರ್ಯ ಹಾಜರು. ಪೂರ್ವಕ್ಕಿದ್ದ ಮೂತಿಯ ಗಾಜಿಗೆ ಫಾಯಿಲ್ ರಟ್ಟು ಒತ್ತಿ ನಿಲ್ಲಿಸಲು ಅರೆನಿದ್ದೆಯಲ್ಲಿ ಎದ್ದವಳು ನಾನೇ.