ಶಿಯಾ ಬೆಣ್ಣೆ: ಎಷ್ಟು ಕೊಟ್ಟಿರಿ, ಯಾವಾಗ ಕೊಟ್ಟಿರಿ

ಆಫ್ರಿಕಾದ ಸಾಮಗ್ರಿ ತರಿಸಿ ಬಾಮು, ಕ್ರೀಮು ಮಾಡುವ ಸಣ್ಣ ವ್ಯಾಪಾರ ಶುರು ಮಾಡಬೇಕು ಎಂದುಕೊಂಡು ಓದುತ್ತಿರುವವರಿಗೆ ಈ ಟಿಪ್ಪಣಿ. ಮೊರೊಕ್ಕೊದ ಅರ್ಗಾನ್ ಎಣ್ಣೆ, ನಮೀಬಿಯಾದ ಮರೂಲಾ ಎಣ್ಣೆ, ಬವೋಬಾಬ್ ಎಣ್ಣೆ ಎಲ್ಲವನ್ನೂ ಒಟ್ಟಿಗೆ ಓದಲು ಹೋದರೆ ಒಂದೂ ತಲೆಯಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಒಂದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳೋಣ. ಉತ್ತರ ಘಾನಾದ ಶಿಯಾ ಬೆಣ್ಣೆ, ಅಂದರೆ ಶಿಯಾ ಮರದ ಬೀಜದಿಂದ ತೆಗೆಯುವ ಕೊಬ್ಬು.

ಮರ ಮತ್ತು ಬೀಜ

ಸೆನೆಗಲ್‌ನಿಂದ ಉಗಾಂಡಾವರೆಗೆ, ಸಹಾರಾ ಮರುಭೂಮಿಯ ದಕ್ಷಿಣಕ್ಕೆ ಉದ್ದಕ್ಕೂ ಹಾಸಿರುವ ಒಣ ಪಟ್ಟಿಯಲ್ಲಿ ಶಿಯಾ ಮರ ಬೆಳೆಯುತ್ತದೆ. ನಮ್ಮ ಹಿಪ್ಪೆ, ಸಪೋಟ ಎರಡೂ ಇದರ ಕುಟುಂಬದವೇ. ಸಪೋಟ ಬೀಜದ ಹೊಳಪು ನೆನಪಿದೆ ಅಲ್ವಾ? ಶಿಯಾ ಬೀಜಕ್ಕೂ ಅದೇ ಹೊಳಪು. ಗಾತ್ರ ಮಾತ್ರ ದೊಡ್ಡದು, ಆಕಾರ ದುಂಡಗೆ.

ಇದನ್ನು ತೋಟ ಮಾಡಿ ಬೆಳೆಸುವುದಿಲ್ಲ. ಹೊಲ ಮಾಡುವಾಗ ಕಡಿಯದೆ ಉಳಿಸಿಕೊಂಡ ಮರಗಳು ಇವು. ಕಾಯಿ ಬಿಡಲು 15–20 ವರ್ಷ ಬೇಕು. ಬೇಡಿಕೆ ಹೆಚ್ಚಾಯಿತೆಂದು ಮುಂದಿನ ವರ್ಷವೇ ಜಾಸ್ತಿ ಬೆಳೆಯಲು ಆಗುವುದಿಲ್ಲ. ಅಲ್ಲಿ ಜಮೀನಿನ ಮೇಲೆ ಹಕ್ಕು ಹೆಚ್ಚಾಗಿ ಗಂಡಸರದು, ಬಿದ್ದ ಹಣ್ಣು ಆರಿಸುವ ಕೆಲಸ ಹೆಂಗಸರದು. ಇದ್ದಿಲಿಗೆ ಮರ ಕಡಿಯುವ ಮಾತು ಬಂದಾಗ ಆರಿಸುವವಳನ್ನು ಕೇಳುವವರು ಕಡಿಮೆ.

ಬೆಣ್ಣೆ ತೆಗೆಯುವ ಬಗೆ

ಇದನ್ನು ನಿಧಾನಕ್ಕೆ ಓದಿ. ಗುಣಮಟ್ಟ, ಬೆಲೆ, ನ್ಯಾಯ ಎಲ್ಲದರ ಬೇರೂ ಇಲ್ಲೇ ಇದೆ.

ಮೇ ತಿಂಗಳಿಂದ ಆಗಸ್ಟ್‌ವರೆಗೆ ಹಣ್ಣು ಉದುರುತ್ತದೆ. ಹೆಂಗಸರು ಬೆಳಕು ಹರಿಯುವ ಮೊದಲೇ ಹೊರಡುತ್ತಾರೆ. ಹುಲ್ಲಿನಲ್ಲಿ ಹಾವು, ಚೇಳಿನ ಭಯ ಇದ್ದೇ ಇರುತ್ತದೆ. ಹಣ್ಣಿನ ಮೇಲಿನ ತಿರುಳು ತಿನ್ನಲು ಸಿಹಿ. ಉಳಿದ ಬೀಜವನ್ನು ಬೇಯಿಸಿ, ಬಿಸಿಲಲ್ಲಿ ಒಣಗಿಸಿ, ಸಿಪ್ಪೆ ಒಡೆದು, ಒಳಗಿನ ತಿರುಳನ್ನು ಮತ್ತೆ ಒಣಗಿಸುತ್ತಾರೆ. ಆಮೇಲೆ ಅದನ್ನು ಜಜ್ಜಿ, ಹುರಿದು, ಮಿಲ್ಲಿಗೆ ಹಾಕಿದರೆ ಚಾಕಲೇಟ್ ಬಣ್ಣದ ಹಿಟ್ಟು ಬರುತ್ತದೆ. ನೀರು ಸೇರಿಸಿ ಮೊಣಕೈವರೆಗೆ ಕೈ ಅದ್ದಿ ನಾದುತ್ತಾ ಹೋದರೆ ಬಣ್ಣ ತಿಳಿಯಾಗುತ್ತಾ ಬಂದು, ಬಿಳಿ ನೊರೆಯಂಥ ಬೆಣ್ಣೆ ಮೇಲೆ ತೇಲುತ್ತದೆ. ನಾವು ಮೊಸರು ಕಡೆದಾಗ ಬೆಣ್ಣೆ ಬರುವ ಹಾಗೇ. ಅದನ್ನು ತೆಗೆದು, ತೊಳೆದು, ತುಪ್ಪ ಕಾಯಿಸಿದಂತೆ ಕಾಯಿಸಿ, ಸೋಸಿ ಆರಲು ಬಿಡುತ್ತಾರೆ. ಈ ಕೈ ವಿಧಾನದಲ್ಲಿ 1 ಕೆಜಿ ಬೆಣ್ಣೆಗೆ ಸುಮಾರು 3ರಿಂದ 4 ಕೆಜಿ ಒಣ ತಿರುಳು ಬೇಕು. ಸೌದೆ, ನೀರು ಎರಡೂ ಬಹಳ ಖರ್ಚಾಗುತ್ತವೆ.

ಆರಿಸಿದ ಮೇಲೆ ಬೀಜವನ್ನು ಬೇಗ ಬೇಯಿಸಲೇಬೇಕು. ರಾಶಿ ಹಾಕಿ ಬಿಟ್ಟರೆ ಅದು ಮೊಳಕೆಯೊಡೆಯುತ್ತದೆ, ಬೂಸ್ಟು ಹಿಡಿಯುತ್ತದೆ, ಒಳಗಿನ ಕೊಬ್ಬು ಒಡೆಯಲು ಶುರುವಾಗುತ್ತದೆ. ಲ್ಯಾಬ್ ವರದಿಯಲ್ಲಿ 'ಫ್ರೀ ಫ್ಯಾಟಿ ಆಸಿಡ್' ಎಂದು ಬರುವುದು ಹೀಗೆ ಒಡೆದ ಕೊಬ್ಬಿನ ಲೆಕ್ಕ. ಮೊದಲ ದರ್ಜೆಯ ಬೆಣ್ಣೆಯಲ್ಲಿ ಅದು 1% ದಾಟಬಾರದು. ದಾಟಿದಷ್ಟೂ ಕಮಟು ವಾಸನೆ ಬೇಗ ಬರುತ್ತದೆ. ಅಂದರೆ ನಿಮ್ಮ ಕೈಯಲ್ಲಿರುವ ವರದಿಯ ಆ ಅಂಕಿ ತೀರ್ಮಾನವಾದದ್ದು ಮಳೆಗಾಲದಲ್ಲಿ ಬೀಜ ಆರಿಸಿದವಳ ಮನೆಯಲ್ಲಿ ಒಣ ಸೌದೆ ಇತ್ತೇ, ಬೇಯಿಸಲು ಪುರುಸೊತ್ತಿತ್ತೇ ಎಂಬುದರ ಮೇಲೆ.

ದುಡ್ಡು ಸೇರಬೇಕಾದ ಹೊತ್ತು

ನಾನು ಮೊದಲು 'ನ್ಯಾಯವಾದ ಖರೀದಿ' ಅಂದರೆ ಕೆಜಿಗೆ ನಾಲ್ಕು ಕಾಸು ಜಾಸ್ತಿ ಕೊಡುವುದು ಎಂದುಕೊಂಡಿದ್ದೆ. ಓದುತ್ತಾ ಹೋದಂತೆ ಅದು ಅರ್ಧ ಮಾತ್ರ ಅನ್ನಿಸಿತು.

ಬೀಜ ಉದುರುವ ತಿಂಗಳುಗಳು ಉತ್ತರ ಘಾನಾದಲ್ಲಿ ಹಸಿವಿನ ತಿಂಗಳುಗಳೂ ಹೌದು. ಹಿಂದಿನ ವರ್ಷದ ಜೋಳ, ಸಜ್ಜೆ ಕಣಜದಲ್ಲಿ ಮುಗಿಯುತ್ತಾ ಬಂದಿರುತ್ತದೆ, ಹೊಸ ಬೆಳೆ ಇನ್ನೂ ಹೊಲದಲ್ಲಿರುತ್ತದೆ. ಆಗ ದಲ್ಲಾಳಿ ಬಾಗಿಲಿಗೆ ಬಂದರೆ, ಎರಡು ಮೂರು ತಿಂಗಳು ಕಾದರೆ ಬೆಲೆ ಏರುತ್ತದೆ ಎಂದು ಗೊತ್ತಿದ್ದರೂ ಆಕೆ ಕೊಟ್ಟುಬಿಡುತ್ತಾಳೆ. ಬೇರೆ ದಾರಿ ಏನಿದೆ? ನೀವು ನವೆಂಬರ್‌ನಲ್ಲಿ ಬೆಣ್ಣೆ ಕೊಳ್ಳುವಾಗ ಕೊಡುವ ಹೆಚ್ಚುವರಿ ಹಣ, ಜೂನ್‌ನಲ್ಲೇ ಬೀಜ ಮಾರಿದವಳಿಗೆ ತಲುಪುವುದಿಲ್ಲ. ಅದಕ್ಕೇ ಮುಂಗಡ ಮುಖ್ಯ. ಬೆಣ್ಣೆ ತೆಗೆಯುವ ಹೆಂಗಸರ ಸಂಘದ ಕೈಯಲ್ಲಿ ಆ ಹೊತ್ತಿಗೆ ಹಣವಿದ್ದರೆ ಸದಸ್ಯರ ಬೀಜವನ್ನು ಸಂಘವೇ ಕೊಳ್ಳಬಹುದು, ಗೋದಾಮಿನಲ್ಲಿ ಇಡಬಹುದು.

ದೊಡ್ಡ ಚಿತ್ರವನ್ನೂ ಸ್ವಲ್ಪ ನೋಡಿ. ಆಫ್ರಿಕಾದಿಂದ ಹೊರಗೆ ಹೋಗುವ ಶಿಯಾದಲ್ಲಿ ಬಹುಪಾಲು ಚರ್ಮಕ್ಕಲ್ಲ, ಬಾಯಿಗೆ ಹೋಗುತ್ತದೆ. ಯುರೋಪಿನ 2000ನೇ ಇಸವಿಯ ನಿಯಮ ಚಾಕಲೇಟಿನಲ್ಲಿ ಕೋಕೋ ಬೆಣ್ಣೆಯಲ್ಲದ ಆರು ಸಸ್ಯ ಕೊಬ್ಬುಗಳನ್ನು 5% ವರೆಗೆ ಬಿಡುತ್ತದೆ. ಶಿಯಾ ಅದರಲ್ಲೊಂದು, ನಮ್ಮ ಮುರುಗಲು ಇನ್ನೊಂದು. ಬೀಜ ಹಾಗೇ ಹಡಗು ಹತ್ತಿದರೆ ಬೆಣ್ಣೆ ತೆಗೆಯುವ ಕೆಲಸ, ಅದರ ಕೂಲಿ, ಲಾಭ ಎಲ್ಲ ಬೇರೆ ದೇಶದ ಪಾಲು. ಇದನ್ನು ತಡೆಯಲೆಂದೇ 2025ರ ಆಗಸ್ಟ್‌ನಲ್ಲಿ ನೈಜೀರಿಯಾ ಬೀಜದ ರಫ್ತನ್ನು 6 ತಿಂಗಳು ನಿಲ್ಲಿಸಿತು. ಊರಲ್ಲೇ ತೆಗೆದ ಬೆಣ್ಣೆ ಕೊಳ್ಳುವ ಸಣ್ಣ ವ್ಯಾಪಾರಿಗೆ ಇಲ್ಲಿ ನಿಜವಾಗಿ ಒಂದು ಜಾಗವಿದೆ.

ಉತ್ತರ ಘಾನಾದ ಟಮಾಲೆ ಊರಿನ ತುಂಗ್ತೇಯಾ ಮಹಿಳಾ ಸಂಘದ ಕಥೆ ತಿಳಿದಿರಲಿ. 1994ರಿಂದ ಅವರು ಕ್ರೀಮು, ಸೋಪು ಮಾರುವ ಬ್ರಿಟನ್ ಮೂಲದ ಕಂಪನಿ ದಿ ಬಾಡಿ ಶಾಪ್‌ಗೆ ಬೆಣ್ಣೆ ಕೊಡುತ್ತಾ ಬಂದರು. ಇಂಥ ನಂಟಿನ ಬಗ್ಗೆ ಮಾತಾಡುವಾಗ ಮೊದಲು ಬರುವ ಹೆಸರು ಅದು. 2024ರ ಫೆಬ್ರವರಿಯಲ್ಲಿ ಆ ಕಂಪನಿಯ ಬ್ರಿಟನ್ ವಿಭಾಗವೇ ದಿವಾಳಿ ಪ್ರಕ್ರಿಯೆಗೆ ಹೋಯಿತು. ದೂರದ ಒಬ್ಬ ದೊಡ್ಡ ಗಿರಾಕಿಯನ್ನು ನೆಚ್ಚಿಕೊಂಡು ನಿಂತರೆ ಎಂಥ ಅಪಾಯ ನೋಡಿ. ವರ್ಷಕ್ಕೆ 50 ಕೆಜಿ ಕೊಳ್ಳುವ ನೀವು ಚಿಕ್ಕವರೇ. ಆದರೆ ತಪ್ಪದೆ ಕೊಳ್ಳುವ ಇಪ್ಪತ್ತು ಜನ ಚಿಕ್ಕವರಿದ್ದರೆ ಸಂಘಕ್ಕೆ ಅದೂ ಒಂದು ಆಸರೆ.

ಒಂದು ಡಬ್ಬಿಯ ಲೆಕ್ಕ

50 ಗ್ರಾಂ ಬಾಮಿನಲ್ಲಿ 60% ಶಿಯಾ ಇರಲಿ, ಅಂದರೆ 30 ಗ್ರಾಂ. 1,000 ಡಬ್ಬಿಗೆ 30 ಕೆಜಿ ಬೆಣ್ಣೆ. ಅದಕ್ಕೆ ಸುಮಾರು 100 ಕೆಜಿ ಒಣ ತಿರುಳು. ಲೆಕ್ಕ ಸುಲಭವಾಗಲೆಂದು ಬೆಣ್ಣೆ ನಿಮ್ಮ ಕೈಗೆ ಬರುವಾಗ ಕೆಜಿಗೆ 1,000 ರೂಪಾಯಿ ಎಂದಿಟ್ಟುಕೊಳ್ಳಿ. ಡಬ್ಬಿಗೆ 30 ರೂಪಾಯಿ ಆಯಿತು. ಈಗ ಸಂಘಕ್ಕೆ 20% ಜಾಸ್ತಿ ಕೊಟ್ಟರೆ? ಡಬ್ಬಿಗೆ 6 ರೂಪಾಯಿ ಹೆಚ್ಚು, ಅಷ್ಟೇ. 450 ರೂಪಾಯಿಗೆ ಮಾರುವ ಡಬ್ಬಿಯಲ್ಲಿ ಗಾಜು, ಲೇಬಲ್, ಕೊರಿಯರ್ ಇದಕ್ಕಿಂತ ಜಾಸ್ತಿ ತಿನ್ನುತ್ತವೆ. 'ನ್ಯಾಯದ ಬೆಲೆ ಕೊಟ್ಟರೆ ವ್ಯಾಪಾರ ಗಿಟ್ಟುವುದಿಲ್ಲ' ಎನ್ನುವವರು ಈ ಲೆಕ್ಕವನ್ನು ಒಮ್ಮೆ ಕೂತು ಹಾಕಲಿ.

ಮಾರುವವರನ್ನು ಕೇಳಬೇಕಾದ್ದು ಹೆಚ್ಚೇನಿಲ್ಲ. ಬೀಜ ಆರಿಸಿದ್ದು ಯಾವ ಜಿಲ್ಲೆಯಲ್ಲಿ, ಬೆಣ್ಣೆ ತೆಗೆದ ಸಂಘ ಯಾವುದು, ಆ ವರ್ಷ ಮುಂಗಡ ಕೊಟ್ಟಿರಾ, ಯಾವ ತಿಂಗಳು, ಈ ಬ್ಯಾಚಿನ ಲ್ಯಾಬ್ ವರದಿ ಎಲ್ಲಿ. ಆರ್ಗ್ಯಾನಿಕ್ ಮುದ್ರೆ ಇದ್ದರೆ ಸಂತೋಷ, ಆದರೆ ಅದು ಮುಂಗಡದ ಪ್ರಶ್ನೆಗೆ ಉತ್ತರವಲ್ಲ.

ಮನೆಯ ಒಲೆಯ ಮೇಲೆ ಕಲಿತದ್ದು

ನನ್ನ ಮೊದಲ ಬ್ಯಾಚ್ ಕೆಟ್ಟಿತು. ಬೆಣ್ಣೆ ಕರಗಿಸಿ, ಡಬ್ಬಿಗೆ ಹಾಕಿ, ಅಡುಗೆಕಟ್ಟೆಯ ಮೇಲೆ ಆರಲು ಬಿಟ್ಟೆ. ಮೂರನೇ ದಿನ ಬೆರಳಿಟ್ಟರೆ ಮರಳು ಮರಳು. ತುಪ್ಪ ಹಾಗಾದರೆ ನಾವು ಖುಷಿಪಡುತ್ತೇವೆ, ಬಾಮು ಹಾಗಾದರೆ ಗಿರಾಕಿ ವಾಪಸ್ ಕಳಿಸುತ್ತಾರೆ. ಶಿಯಾದಲ್ಲಿ ಗಟ್ಟಿ ಕೊಬ್ಬು, ಮೆದು ಕೊಬ್ಬು ಎರಡೂ ಇವೆ. ನಿಧಾನಕ್ಕೆ ಆರಿದರೆ ಗಟ್ಟಿ ಕೊಬ್ಬು ಮೊದಲು ಹರಳುಗಟ್ಟುತ್ತದೆ. ಪೂರ್ತಿ ಕರಗಿಸಿ, ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು, ಕೈಬಿಡದೆ ಕದಡುತ್ತಾ ಬೇಗ ತಣಿಸಿ. ಸ್ವಲ್ಪ ಮಂದವಾದ ಮೇಲೆ ಡಬ್ಬಿಗೆ ಸುರಿಯಿರಿ.

ನಮ್ಮ ಬಿಸಿಲಿಗೆ ಇನ್ನೊಂದು ತೊಂದರೆ ಇದೆ. ಶಿಯಾ ಸುಮಾರು 35 ಡಿಗ್ರಿಗೆ ಕರಗುತ್ತದೆ. ಏಪ್ರಿಲ್‌ನಲ್ಲಿ ಕಲಬುರಗಿಗೆ ಕಳಿಸಿದರೆ ದಾರಿಯಲ್ಲೇ ನೀರಾಗಿ, ರಾತ್ರಿ ನಿಧಾನಕ್ಕೆ ಗಟ್ಟಿಯಾಗಿ, ಮತ್ತೆ ಅದೇ ಮರಳು. ಮುರುಗಲು ತುಪ್ಪ ಇದಕ್ಕಿಂತ ಗಟ್ಟಿ, ಕರಗಲು 40ರ ಹತ್ತಿರ ಬೇಕು. ಉತ್ತರ ಕನ್ನಡದಲ್ಲಿ ಹಿಮ್ಮಡಿ ಒಡಕಿಗೆ ಹಚ್ಚುವುದು ಇದನ್ನೇ. ಶಿಯಾ ಜೊತೆ ಅದನ್ನು ಐದರಲ್ಲಿ ಒಂದು ಪಾಲು ಸೇರಿಸಿದಾಗ ನನ್ನ ಬಾಮು ಬೇಸಿಗೆಯಲ್ಲೂ ನಿಂತಿತು.

ನೀರಿಲ್ಲದ ಬಾಮಿಗೆ ಪ್ರಿಸರ್ವೇಟಿವ್ ಬೇಡ. ನೀರು ಸೇರಿದ ಕ್ರೀಮಿಗೆ ಬೇಕೇ ಬೇಕು. 'ನ್ಯಾಚುರಲ್' ಎಂದು ಬಿಟ್ಟರೆ ಬೂಸ್ಟು ಬರುತ್ತದೆ, ಹಚ್ಚಿಕೊಂಡವರ ಚರ್ಮ ಕೆಡುತ್ತದೆ.

ಭಾರತದಲ್ಲಿ ಮಾಡಿ ಮಾರುವುದಾದರೆ 2020ರ ಕಾಸ್ಮೆಟಿಕ್ಸ್ ರೂಲ್ಸ್ ಪ್ರಕಾರ ತಯಾರಿಕೆಗೆ ಲೈಸೆನ್ಸ್ ಬೇಕು. 'ಎಕ್ಸಿಮಾ ವಾಸಿಯಾಗುತ್ತದೆ' ಎಂದು ಬರೆದ ಕೂಡಲೇ ಅದು ಔಷಧಿಯ ಲೆಕ್ಕಕ್ಕೆ ಹೋಗುತ್ತದೆ, ಬರೆಯಬೇಡಿ. ಮತ್ತೆ ಲೇಬಲ್ ಮೇಲೆ ಸುಮ್ನೆ 'ಆಫ್ರಿಕಾದ ಬೆಣ್ಣೆ' ಎಂದು ಹಾಕಬೇಡಿ. ಅದು 54 ದೇಶಗಳ ಖಂಡ. ದೇಶ, ಜಿಲ್ಲೆ, ಸಂಘ, ಬೀಜ ಆರಿಸಿದ ವರ್ಷ, ಇಷ್ಟನ್ನು ಬರೆಯಲು ಒಂದೇ ಸಾಲು ಸಾಕು.