ಆನ್‌ಲೈನ್ ಬಿಎಸ್‌ಎನ್ ಅಂದರೆ ಪ್ರಾಕ್ಟಿಕಲ್ ಎಲ್ಲಿ ಮಾಡ್ತಾರೆ?

ಓದುಗರ ಪ್ರಶ್ನೆ: ಅಕ್ಕ, ನಾನು ಹಾಸನದ ಕಡೆಯವಳು. ಊರಲ್ಲಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ, ಅಮೆರಿಕದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್ ಪಾಸಾಗಿ, ಈಗ ಟೆಕ್ಸಸ್‌ನಲ್ಲಿ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಆಗಿದ್ದೇನೆ. ವಾರಕ್ಕೆ ಮೂರು ನೈಟ್ ಡ್ಯೂಟಿ, ಮನೆಯಲ್ಲಿ ಎರಡು ವರ್ಷದ ಮಗು. ಜೊತೆಯವರು ಆನ್‌ಲೈನ್‌ನಲ್ಲಿ ಬಿಎಸ್‌ಎನ್ (ಇಲ್ಲಿನ ನರ್ಸಿಂಗ್ ಪದವಿ) ಮಾಡ್ತಿದ್ದಾರೆ. ಮನೇಲಿ ಕೂತು ಓದಿದ ನರ್ಸಿಂಗ್ ಡಿಗ್ರಿಗೆ ಬೆಲೆ ಇದೆಯಾ? ಪ್ರಾಕ್ಟಿಕಲ್ ಎಲ್ಲಿ?

ನಿಮಗೆ ಈ ಅನುಮಾನ ಬಂದಿದ್ದು ಸರಿಯಾಗೇ ಇದೆ. ನಮ್ಮ ದೇಶದಲ್ಲಿ ಯುಜಿಸಿಯ 2020ರ ನಿಯಮಗಳು ಆನ್‌ಲೈನ್‌ನಲ್ಲಿ ನಡೆಸಬಾರದ ಕೋರ್ಸ್‌ಗಳ ಪಟ್ಟಿಯಲ್ಲಿ ನರ್ಸಿಂಗನ್ನೂ ಸೇರಿಸಿವೆ. ಅಲ್ಲಿ ಜಿಎನ್‌ಎಂ ಆದವರು ಡಿಗ್ರಿ ಬೇಕೆಂದರೆ ಎರಡು ವರ್ಷ ಕಾಲೇಜಿಗೆ ಹೋಗಿ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡುತ್ತಾರೆ. ಕರ್ನಾಟಕದಲ್ಲಿರುವ ತಂಗಿಯರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ‘ಮನೇಲೇ ಕೂತು ಬಿಎಸ್ಸಿ ನರ್ಸಿಂಗ್ ಮಾಡಿ’ ಅಂತ ಯಾರಾದರೂ ಫೋನ್ ಮಾಡಿದರೆ ದಯವಿಟ್ಟು ದುಡ್ಡು ಕಟ್ಟಬೇಡಿ.

ಅಮೆರಿಕದ ಆರ್‌ಎನ್-ಟು-ಬಿಎಸ್‌ಎನ್ ಬೇರೆಯದೇ ವಿಷಯ. ಅದು ನರ್ಸ್ ಆಗುವುದನ್ನು ಕಲಿಸುವ ಕೋರ್ಸ್ ಅಲ್ಲ. ಈಗಾಗಲೇ ನರ್ಸ್ ಆದವರಿಗೆ ಮಾತ್ರ ಇರುವಂಥದ್ದು. ಐವಿ ಹಾಕೋದು, ಕ್ಯಾಥೆಟರ್, ಡ್ರೆಸ್ಸಿಂಗ್, ಹೆರಿಗೆ ವಾರ್ಡ್, ಇವೆಲ್ಲ ನೀವು ಜಿಎನ್‌ಎಂನಲ್ಲೇ ಮಾಡಿ ಬಂದಿದ್ದೀರಿ. ಆ ಪ್ರಾಕ್ಟಿಕಲ್‌ಗೆ ನಿಮ್ಮ ಲೈಸೆನ್ಸೇ ಸಾಕ್ಷಿ. ಇಲ್ಲಿ ಉಳಿದಿರುವುದು ಸಂಖ್ಯಾಶಾಸ್ತ್ರ, ಸಂಶೋಧನೆಯನ್ನು ಓದಿ ಅರ್ಥ ಮಾಡಿಕೊಳ್ಳುವುದು, ಸಮುದಾಯ ಆರೋಗ್ಯ, ವಾರ್ಡ್ ನಡೆಸುವುದು, ಇಂಥವು.

ಹಾಗಂತ ಎಲ್ಲವೂ ಪರದೆಯ ಮುಂದೆ ಮುಗಿಯುವುದಿಲ್ಲ. ಸಮುದಾಯ ಆರೋಗ್ಯದ ಪಾಠಕ್ಕೆ ನೀವಿರುವ ಊರಲ್ಲೇ ಆರೋಗ್ಯ ಇಲಾಖೆ, ಶಾಲೆ ಅಥವಾ ಹಿರಿಯರ ಕೇಂದ್ರದಲ್ಲಿ ಕೆಲಸ ಮಾಡಲು ಹಲವು ಕಾಲೇಜುಗಳು ಹೇಳುತ್ತವೆ. ಎಷ್ಟು ಗಂಟೆ, ಜಾಗ ಹುಡುಕುವವರು ಕಾಲೇಜಿನವರಾ ನೀವಾ ಅನ್ನುವುದು ಒಂದೊಂದು ಕಡೆ ಒಂದೊಂದು ಥರ. ಸೇರುವ ಮೊದಲೇ ಕೇಳಿ. ಮುಂದೆ ಕ್ಯಾಲಿಫೋರ್ನಿಯಾಕ್ಕೆ ಹೋಗುವ ಯೋಚನೆ ಇದ್ದರೆ ಇನ್ನೂ ಮುಖ್ಯ. ಅಲ್ಲಿ ಪಬ್ಲಿಕ್ ಹೆಲ್ತ್ ನರ್ಸ್ ಸರ್ಟಿಫಿಕೇಟ್‌ಗೆ 90 ಗಂಟೆಗಳ ಕ್ಲಿನಿಕಲ್ ಅನುಭವ ತೋರಿಸಬೇಕು.

ಬೆಲೆ ಇದೆಯಾ ಅಂದರೆ, ಇದೆ. ಆದರೆ ಯಾವುದಕ್ಕೆ ಅಂತ ತಿಳಿದಿರಬೇಕು. ಲೈಸೆನ್ಸ್ ಬದಲಾಗುವುದಿಲ್ಲ. ಎರಡು ವರ್ಷದ ಅಸೋಸಿಯೇಟ್ ಡಿಗ್ರಿಯವರೂ ನಾಲ್ಕು ವರ್ಷದ ಬಿಎಸ್‌ಎನ್‌ನವರೂ ಬರೆಯುವುದು ಅದೇ ಎನ್‌ಕ್ಲೆಕ್ಸ್. ಡಿಗ್ರಿ ಬಂದ ಮರುದಿನ ನಿಮ್ಮ ಬೆಡ್‌ಸೈಡ್ ಕೆಲಸ ಹೊಸದಾಗುವುದಿಲ್ಲ, ಸಂಬಳವೂ ಎಲ್ಲ ಕಡೆ ದೊಡ್ಡದಾಗಿ ಏರುವುದಿಲ್ಲ. ತೆರೆಯುವುದು ಮುಂದಿನ ಬಾಗಿಲು. ಒಳ್ಳೆಯ ನರ್ಸಿಂಗ್‌ಗಾಗಿ ಕೊಡುವ ‘ಮ್ಯಾಗ್ನೆಟ್’ ಮಾನ್ಯತೆ ಇರುವ ಆಸ್ಪತ್ರೆಗಳಲ್ಲಿ ನರ್ಸ್ ಮ್ಯಾನೇಜರ್ ಆಗಲು ನರ್ಸಿಂಗ್ ಪದವಿ ಬೇಕು. ನರ್ಸ್ ಪ್ರಾಕ್ಟಿಷನರ್ (ರೋಗ ಪತ್ತೆ ಮಾಡಿ ಔಷಧಿ ಬರೆಯುವ ಹಂತದ ನರ್ಸ್) ಆಗುವವರಿಗೂ ಸಾಮಾನ್ಯವಾಗಿ ಇದೇ ಮೆಟ್ಟಿಲು. ನ್ಯೂಯಾರ್ಕ್ 2017ರಲ್ಲಿ ಒಂದು ಕಾನೂನನ್ನೇ ತಂದಿತು. ಅಲ್ಲಿ ಹೊಸದಾಗಿ ಲೈಸೆನ್ಸ್ ಪಡೆಯುವ ಆರ್‌ಎನ್‌ಗಳು ಹತ್ತು ವರ್ಷದೊಳಗೆ ಬಿಎಸ್‌ಎನ್ ಮುಗಿಸಬೇಕು. ಆಗಲೇ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಕೊಟ್ಟರು.

ಬಿಎಸ್‌ಎನ್‌ಗೆ ಇಷ್ಟು ಒತ್ತು ಕೊಡುವುದರ ಹಿಂದೆ ನರ್ಸಿಂಗ್ ಸಂಶೋಧಕಿ ಲಿಂಡಾ ಐಕನ್ ಮತ್ತು ತಂಡದವರು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಭಾವ ಬಹಳ. ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಸರ್ಜರಿ ರೋಗಿಗಳ ಲೆಕ್ಕ ತೆಗೆದಾಗ, ಪದವಿ ಇರುವ ನರ್ಸ್‌ಗಳ ಪಾಲು ಶೇ 10ರಷ್ಟು ಹೆಚ್ಚಿದ್ದ ಕಡೆ ಸಾವಿನ ಸಾಧ್ಯತೆ ಶೇ 5ರಷ್ಟು ಕಡಿಮೆ ಕಂಡಿತು. ಇದನ್ನು ಓದಿ ಡಿಪ್ಲೊಮಾ ನರ್ಸ್‌ಗಳು ಕಡಿಮೆ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಅದು ಇಡೀ ಆಸ್ಪತ್ರೆಯ ಲೆಕ್ಕ, ಒಬ್ಬೊಬ್ಬರ ಕೈಗುಣದ ಲೆಕ್ಕ ಅಲ್ಲ.

ಈಗ ನಿಮಗೆ ನಿಜವಾಗಿ ತೊಡಕಾಗುವ ವಿಷಯಕ್ಕೆ ಬರುತ್ತೇನೆ. ಬಿಎಸ್‌ಎನ್‌ಗೆ ಒಟ್ಟು ಸುಮಾರು 120 ಕ್ರೆಡಿಟ್ (ಇಲ್ಲಿನ ಕಾಲೇಜುಗಳಲ್ಲಿ ಓದನ್ನು ಅಳೆಯುವ ಲೆಕ್ಕ) ಬೇಕು. ಇಲ್ಲೇ ಅಸೋಸಿಯೇಟ್ ಡಿಗ್ರಿ ಮಾಡಿದವರಿಗೆ ಅದರಲ್ಲಿ ಬಹುಪಾಲು ಹಳೆಯ ಓದಿನಿಂದಲೇ ಬರುತ್ತದೆ. ‘ಒಂದು ವರ್ಷದಲ್ಲಿ ಮುಗಿಸಿ’ ಅನ್ನುವ ಜಾಹೀರಾತು ಅವರಿಗಾಗಿ. ನಮ್ಮ ಜಿಎನ್‌ಎಂನಲ್ಲಿ ನರ್ಸಿಂಗ್ ವಿಷಯ ಧಾರಾಳವಾಗಿದೆ, ಆದರೆ ಕಾಲೇಜು ಮಟ್ಟದ ಇಂಗ್ಲಿಷ್ ಬರವಣಿಗೆ, ಗಣಿತ, ಇತಿಹಾಸ ಇಲ್ಲ. ಟೆಕ್ಸಸ್‌ನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಂತೂ ಯಾವ ಪದವಿಗೇ ಆಗಲಿ ಅಮೆರಿಕದ ಇತಿಹಾಸ 6 ಕ್ರೆಡಿಟ್, ಸರ್ಕಾರ ಮತ್ತು ಸಂವಿಧಾನ 6 ಕ್ರೆಡಿಟ್ ಓದಲೇಬೇಕು. ಹದಿನೈದು ವರ್ಷ ಐಸಿಯು ನೋಡಿದವರೂ ಇದನ್ನು ಓದಬೇಕು! ಇಂಥವನ್ನು ಹತ್ತಿರದ ಕಮ್ಯೂನಿಟಿ ಕಾಲೇಜಲ್ಲಿ ಮುಗಿಸಿದರೆ ಖರ್ಚು ಸಾಮಾನ್ಯವಾಗಿ ಕಡಿಮೆ.

ಹಾಗಾಗಿ ಫೀಸ್ ಕಟ್ಟುವ ಮೊದಲು ನಿಮ್ಮ ಜಿಎನ್‌ಎಂಗೆ ಎಷ್ಟು ಕ್ರೆಡಿಟ್ ಕೊಡುತ್ತಾರೆ ಅಂತ ಲಿಖಿತವಾಗಿ ಕೇಳಿ. ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಕೋರ್ಸ್‌ಗೆ ಸಿಸಿಎನ್‌ಇ, ಎಸಿಇಎನ್ ಅಥವಾ ಎನ್‌ಎಲ್‌ಎನ್ ಸಿಎನ್‌ಇಎ, ನರ್ಸಿಂಗ್ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಈ ಮೂರು ಸಂಸ್ಥೆಗಳಲ್ಲಿ ಒಂದರ ಮಾನ್ಯತೆ ಇರಲೇಬೇಕು. ಅದು ಇಲ್ಲದಿದ್ದರೆ ಮುಂದೆ ಮಾಸ್ಟರ್ಸ್‌ಗೆ ಹೋಗುವಾಗ ಕಷ್ಟ. ಭಾರತಕ್ಕೆ ವಾಪಸ್ ಹೋಗುವ ಆಸೆ ಇದ್ದರೆ, ಈ ಡಿಗ್ರಿಯನ್ನು ಒಪ್ಪುತ್ತಾರಾ ಅಂತ ಭಾರತೀಯ ನರ್ಸಿಂಗ್ ಪರಿಷತ್ತಿಗೆ ಈಗಲೇ ಬರೆದು ಕೇಳಿ.

ದುಡ್ಡಿನ ವಿಷಯದಲ್ಲಿ ಮೊದಲು ನಿಮ್ಮ ಆಸ್ಪತ್ರೆಯ ಎಚ್‌ಆರ್ ಹತ್ತಿರ ಹೋಗಿ. ಎಷ್ಟೋ ಆಸ್ಪತ್ರೆಗಳು ಓದಿಗೆ ಹಣ ಕೊಡುತ್ತವೆ. ವರ್ಷಕ್ಕೆ 5,250 ಡಾಲರ್‌ವರೆಗೆ ಅದಕ್ಕೆ ತೆರಿಗೆಯೂ ಬೀಳುವುದಿಲ್ಲ. ಬದಲಿಗೆ ಇಷ್ಟು ವರ್ಷ ಇಲ್ಲೇ ಕೆಲಸ ಮಾಡಬೇಕು ಅನ್ನುವ ಷರತ್ತು ಇರಬಹುದು, ಓದಿ ಸಹಿ ಹಾಕಿ. ವೆಸ್ಟರ್ನ್ ಗವರ್ನರ್ಸ್ ವಿಶ್ವವಿದ್ಯಾಲಯದ ಥರ ಆರು ತಿಂಗಳಿಗೆ ಇಷ್ಟು ಅಂತ ಒಂದೇ ಫೀಸ್ ಇರುವ ಕಡೆ ಬೇಗ ಓದುವವರಿಗೆ ಲಾಭ. ನಿಮಗೆ ಪುಟ್ಟ ಮಗು ಇದೆ, ನೈಟ್ ಡ್ಯೂಟಿ ಇದೆ. ಒಂದೊಂದೇ ಕೋರ್ಸ್‌ಗೆ ದುಡ್ಡು ಕಟ್ಟುವ ಕಡೆ ನಿಮಗೆ ನೆಮ್ಮದಿ ಜಾಸ್ತಿ ಅಂತ ನನಗನಿಸುತ್ತದೆ.

ಇನ್ನೊಂದು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ನಮ್ಮವರಿಗೆ ಕಷ್ಟವಾಗುವುದು ಪಾಠ ಅಲ್ಲ, ಬರವಣಿಗೆ. ಊರಲ್ಲಿ ಪುಸ್ತಕದಲ್ಲಿದ್ದಂತೆ ಅಕ್ಷರ ತಪ್ಪದೆ ಬರೆದರೆ ಪೂರ್ತಿ ಮಾರ್ಕ್ಸ್ ಸಿಗುತ್ತಿತ್ತು ಅಲ್ವಾ? ಇಲ್ಲಿ ಹಾಗೆ ಬರೆದರೆ ಕೃತಿಚೌರ್ಯ. ಓದಿದ್ದನ್ನು ನಿಮ್ಮ ಮಾತಲ್ಲಿ ಬರೆದು, ಎಲ್ಲಿಂದ ತಗೊಂಡಿರಿ ಅಂತ ಎಪಿಎ ಅನ್ನುವ ಉಲ್ಲೇಖ ಶೈಲಿಯಲ್ಲಿ ತೋರಿಸಬೇಕು. ಹಾಗಾಗಿ ಮೊದಲ ಸೆಮಿಸ್ಟರ್‌ಗೆ ಒಂದೇ ಕೋರ್ಸ್ ತಗೊಳ್ಳಿ. ಕಾಲೇಜಿನ ಬರವಣಿಗೆ ಕೇಂದ್ರಕ್ಕೆ ನಿಮ್ಮ ಮೊದಲ ಪೇಪರ್ ಕಳಿಸಿ ತಿದ್ದಿಸಿಕೊಳ್ಳಿ, ನಾಚಿಕೆ ಬೇಡ.

ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಊರಿನ ನರ್ಸಿಂಗ್ ಶಾಲೆಗೆ ಟ್ರಾನ್ಸ್‌ಕ್ರಿಪ್ಟ್ (ಓದಿದ ವಿಷಯ, ಅಂಕಗಳ ಅಧಿಕೃತ ದಾಖಲೆ) ಕೇಳಿ ಪತ್ರ ಬರೆಯಿರಿ. ಸಾಮಾನ್ಯವಾಗಿ ಅದು ಶಾಲೆಯಿಂದ ನೇರವಾಗಿ, ಮುಚ್ಚಿದ ಲಕೋಟೆಯಲ್ಲೇ ಹೋಗಬೇಕು. ಅಮ್ಮನೋ ತಮ್ಮನೋ ಒಂದೆರಡು ಸಲ ಆಫೀಸಿಗೆ ಹೋಗಿ ವಿಚಾರಿಸಿಕೊಂಡು ಬಂದರೆ ಬೇಗ ಆಗುತ್ತದೆ.