ಕಲ್ಲಿದ್ದಲು ಗಣಿಯ ಮಳೆನೀರು: ಗುಂಡಿಯ ಹರವು, ಕೋಡಿಯ ಎತ್ತರ

ತೆರೆದ ಕಲ್ಲಿದ್ದಲು ಗಣಿಯಿಂದ ಹರಿದುಬರುವ ಮಳೆನೀರು ಕಪ್ಪಾಗಿ ಹಳ್ಳ ಸೇರುತ್ತಿದೆ ಎಂದ ಕೂಡಲೇ, ಹೂಳು ಹಿಡಿಯುವ ಗುಂಡಿಯನ್ನು ಇನ್ನಷ್ಟು ಆಳಕ್ಕೆ ತೋಡಿ ಎಂಬ ಸಲಹೆ ಬರುತ್ತದೆ. ಕೇಳುವುದಕ್ಕೆ ಸಹಜವೆನಿಸುವ ಈ ಸಲಹೆ ಬಹುಮಟ್ಟಿಗೆ ತಪ್ಪು. ಅಮೆರಿಕದ ಎಂಜಿನಿಯರ್ ಅಲೆನ್ ಹೇಜನ್ 1904ರಲ್ಲೇ ಇದನ್ನು ಲೆಕ್ಕಸಹಿತ ತೋರಿಸಿಕೊಟ್ಟಿದ್ದರೂ ಆಳದ ಮೇಲಿನ ನಂಬಿಕೆ ಇನ್ನೂ ಅಳಿದಿಲ್ಲ.

ನಿಂತ ನೀರಿನಲ್ಲಿ ಸಣ್ಣ ಕಣವೊಂದು ಎಷ್ಟು ವೇಗವಾಗಿ ಇಳಿಯುತ್ತದೆ ಎಂಬ ಸೂತ್ರವನ್ನು 1851ರಲ್ಲಿ ಭೌತವಿಜ್ಞಾನಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಕೊಟ್ಟರು. ಆ ವೇಗ ಕಣದ ವ್ಯಾಸದ ವರ್ಗವನ್ನು ಅನುಸರಿಸುತ್ತದೆ. 20 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 0.02 ಮಿಲಿಮೀಟರ್ ವ್ಯಾಸದ ಕಲ್ಲುಪುಡಿಯ ಕಣ ಸೆಕೆಂಡಿಗೆ ಸುಮಾರು 0.36 ಮಿಲಿಮೀಟರ್ ಇಳಿದರೆ, ಅದರ ಹತ್ತನೆಯ ಒಂದು ಪಾಲು ವ್ಯಾಸವಿರುವ ಜೇಡಿಯ ಕಣ ನೂರು ಪಟ್ಟು ನಿಧಾನವಾಗಿ, ಗಂಟೆಗೆ 13 ಮಿಲಿಮೀಟರಿನಷ್ಟು ಮಾತ್ರ ಇಳಿಯುತ್ತದೆ. ಒಂದು ಮೀಟರ್ ಇಳಿಯಲು ಅದಕ್ಕೆ ಮೂರು ದಿನಗಳೂ ಸಾಲವು. ಕಲ್ಲಿದ್ದಲಿನ ಪುಡಿಯದು ಇನ್ನೊಂದು ತೊಡಕು. ಕಲ್ಲು ನೀರಿಗಿಂತ ಸುಮಾರು 2.65 ಪಟ್ಟು ಭಾರವಾದರೆ ಕಲ್ಲಿದ್ದಲು ಸುಮಾರು 1.4 ಪಟ್ಟು ಮಾತ್ರ ಭಾರ. ನೀರು ಎತ್ತಿಹಿಡಿಯುವ ತೂಕವನ್ನು ಕಳೆದರೆ, ಅಷ್ಟೇ ಗಾತ್ರದ ಕಲ್ಲಿದ್ದಲಿನ ಕಣ ಕಲ್ಲಿನ ಕಣದ ಕಾಲುಭಾಗ ವೇಗದಲ್ಲಷ್ಟೇ ಇಳಿಯುತ್ತದೆ. ನೀರು ತಣ್ಣಗಾದಷ್ಟೂ ಅದರ ಸ್ನಿಗ್ಧತೆ, ಅಂದರೆ ಹರಿವಿಗೆ ಒಡ್ಡುವ ತಡೆ, ಏರುವುದರಿಂದ, ಒಂದೇ ಗುಂಡಿ ಚಳಿಗಾಲದಲ್ಲಿ ಮಾಡುವ ಕೆಲಸ ಬೇಸಿಗೆಯಲ್ಲಿ ಮಾಡುವುದಕ್ಕಿಂತ ಕಡಿಮೆ.

ಹೇಜನ್ ಕಂಡದ್ದು ಇದರ ಮುಂದಿನ ಹೆಜ್ಜೆ, ನನ್ನ ಮಟ್ಟಿಗೆ ಇಡೀ ವಿಷಯದ ಸೊಗಸೆಲ್ಲ ಅಲ್ಲಿಯೇ ಇದೆ. ಗುಂಡಿಯೊಳಗಿನ ಕಣ ನೀರಿನೊಡನೆ ಅಡ್ಡಕ್ಕೂ ತನ್ನ ತೂಕದಿಂದ ಕೆಳಕ್ಕೂ ಒಟ್ಟಿಗೇ ಸಾಗುತ್ತಿರುತ್ತದೆ. ನೀರು ಹೊರಬಾಯಿಯನ್ನು ತಲುಪುವಷ್ಟರಲ್ಲಿ ಕಣ ತಳ ಮುಟ್ಟಿದ್ದರೆ ಅದು ಸಿಕ್ಕಿಬಿದ್ದಂತೆ. ಗುಂಡಿಯ ಆಳವನ್ನು ಇಮ್ಮಡಿಸಿದರೆ ನೀರಿನ ಓಟ ಅರ್ಧಕ್ಕಿಳಿದು ಕಣಕ್ಕೆ ಇಮ್ಮಡಿ ಸಮಯ ಸಿಗುವುದು ನಿಜ. ಆದರೆ ಅದು ಇಳಿಯಬೇಕಾದ ದೂರವೂ ಇಮ್ಮಡಿಯಾಗಿ, ಗಳಿಸಿದ ಸಮಯವೆಲ್ಲ ಅದಕ್ಕೇ ಖರ್ಚಾಗುತ್ತದೆ. ಕೊನೆಗೆ ಲೆಕ್ಕದಲ್ಲಿ ಉಳಿಯುವುದು ಹರಿವನ್ನು ಗುಂಡಿಯ ಮೇಲ್ಮೈ ವಿಸ್ತೀರ್ಣದಿಂದ ಭಾಗಿಸಿದಾಗ ಬರುವ ವೇಗ ಮಾತ್ರ: ಅದಕ್ಕಿಂತ ಬೇಗ ಇಳಿಯುವ ಕಣಗಳೆಲ್ಲ ಗುಂಡಿಯಲ್ಲೇ ಉಳಿಯುತ್ತವೆ, ನಿಧಾನವಾಗಿ ಇಳಿಯುವವುಗಳಲ್ಲಿ ಒಂದು ಪಾಲು ತಪ್ಪಿಸಿಕೊಳ್ಳುತ್ತದೆ. ಒಂದೇ ಕೆಸರುನೀರನ್ನು ಕೊಡದಲ್ಲಿಯೂ ಪರಾತದಲ್ಲಿಯೂ ಹುಯ್ದಿಟ್ಟರೆ ಪರಾತದ ನೀರು ಮೊದಲು ತಿಳಿಯಾಗುವುದು ಇದರಿಂದಲೇ.

ಇದನ್ನು ಗಣಿಗೆ ಅನ್ವಯಿಸಿ ನೋಡೋಣ. ಗಂಟೆಗೆ 60 ಮಿಲಿಮೀಟರ್ ಮಳೆ 20 ಹೆಕ್ಟೇರ್ ನೆಲದ ಮೇಲೆ ಸುರಿದು, ಅದರಲ್ಲಿ ಶೇಕಡ 60ರಷ್ಟು ಹರಿದು ಬಂದರೆ ಸೆಕೆಂಡಿಗೆ 2 ಘನಮೀಟರ್ ನೀರು ಗುಂಡಿಗೆ ನುಗ್ಗುತ್ತದೆ. 0.02 ಮಿಲಿಮೀಟರಿನ ಕಲ್ಲುಕಣ ಹಿಡಿಯಲು ಸುಮಾರು 5,600 ಚದರ ಮೀಟರ್ ಹರವು ಬೇಕು. ಅದೇ ಗಾತ್ರದ ಕಲ್ಲಿದ್ದಲು ಕಣಕ್ಕೆ ನಾಲ್ಕು ಪಟ್ಟು. ನೀರು ಎಲ್ಲಿಯೂ ಸುಳಿ ಹಾಕದೆ ಸಮನಾಗಿ ಹರಡಿಕೊಳ್ಳುತ್ತದೆ ಎಂದು ನಂಬಿದ ಲೆಕ್ಕವಿದು. ನಿಜವಾದ ಗುಂಡಿ ಇನ್ನೂ ದೊಡ್ಡದಿರಬೇಕು. ಒಳಬಾಯಿಯೂ ಹೊರಬಾಯಿಯೂ ಹತ್ತಿರವಿದ್ದರೆ ನೀರು ನೇರ ದಾರಿ ಹಿಡಿದು, ಗುಂಡಿಯ ಉಳಿದ ಭಾಗ ಸುಮ್ಮನೆ ನಿಂತ ನೀರಾಗುತ್ತದೆ. ಆದ್ದರಿಂದಲೇ ಗುಂಡಿಯನ್ನು ಅಗಲಕ್ಕಿಂತ ಉದ್ದವಾಗಿ ತೋಡುತ್ತಾರೆ, ನಡುವೆ ಅಡ್ಡತಡಿಕೆಗಳನ್ನು ನಿಲ್ಲಿಸಿ ಹರಿವು ಸುತ್ತಿಬಳಸಿ ಹೋಗುವಂತೆ ಮಾಡುತ್ತಾರೆ.

ಹಾಗೆಂದು ಆಳ ಬೇಡವೆಂದಲ್ಲ. ಕೂತ ಹೂಳಿಗೆ ಜಾಗ ಬೇಕು, ಮೇಲೆ ಹರಿಯುವ ನೀರು ಅದನ್ನು ಮತ್ತೆ ಕೆದಕದಷ್ಟು ಅಂತರವೂ ಬೇಕು. ದಪ್ಪ ಮರಳು ಒಳಬಾಯಿಯ ಬುಡದಲ್ಲೇ ಬೀಸಣಿಗೆಯಾಕಾರದ ದಿಬ್ಬವಾಗಿ ಬೀಳುತ್ತದೆ, ನವುರಾದ ಗೋಡು ಮುಂದೆ ಸಾಗಿ ತಳಕ್ಕೆ ಹರಡಿಕೊಳ್ಳುತ್ತದೆ. ಗುರುತುಗೂಟದಲ್ಲಿ ಹೂಳಿನ ಮಟ್ಟ ನಿಗದಿತ ಗೆರೆ ಮುಟ್ಟಿತೆಂದರೆ ಬಾಚಿ ತೆಗೆಯಲೇಬೇಕು. ಜೇಡಿಗೆ ಮಾತ್ರ ಯಾವ ಹರವೂ ಸಾಲದು. ಅದರ ಕಣಗಳ ಮೇಲಿನ ಋಣ ವಿದ್ಯುದಾವೇಶ ಅವನ್ನು ಒಂದಕ್ಕೊಂದು ಅಂಟದಂತೆ ದೂರವಿಡುವುದರಿಂದ, ಪಟಿಕವನ್ನೋ ಪಾಲಿಮರನ್ನೋ ಬೆರೆಸಿ ಗಂಟುಕಟ್ಟುವಂತೆ ಮಾಡಬೇಕಾಗುತ್ತದೆ.

ಇಷ್ಟೆಲ್ಲ ಮಾಡಿಯೂ ಗುಂಡಿಗೆ ಹಿಡಿಸದ ಮಳೆ ಬರುವ ದಿನವೊಂದಿದೆ, ಹೆಚ್ಚಾದ ನೀರನ್ನು ಹೊರಬಿಡುವ ಕೋಡಿ ಇರುವುದು ಆ ದಿನಕ್ಕಾಗಿ. 1972ರ ಫೆಬ್ರವರಿ 26ರಂದು ಅಮೆರಿಕದ ವೆಸ್ಟ್ ವರ್ಜೀನಿಯಾದ ಬಫೆಲೋ ಕ್ರೀಕ್ ಕಣಿವೆಯಲ್ಲಿ, ಕಲ್ಲಿದ್ದಲಿನ ತ್ಯಾಜ್ಯವನ್ನೇ ಸುರಿದು ಕಟ್ಟಿದ್ದ ಏರಿಯೊಂದು ಮಳೆಯ ನೀರು ತಡೆಯಲಾರದೆ ಕುಸಿದು 125 ಮಂದಿ ಸತ್ತರು, ಸುಮಾರು 4,000 ಮಂದಿ ಮನೆ ಕಳೆದುಕೊಂಡರು. ಆ ಏರಿಗೆ ಸರಿಯಾದ ತುರ್ತು ಕೋಡಿ ಇರಲಿಲ್ಲ. ಮಣ್ಣಿನ ಏರಿಯ ನೆತ್ತಿಯ ಮೇಲೆ ನೀರು ಹರಿಯತೊಡಗಿದರೆ ಅದು ಹೊರಮೈಯನ್ನು ಬುಡದಿಂದ ಕೊರೆಯುತ್ತ ಮೇಲೇರುತ್ತದೆ. ಕೊರಕಲು ನೆತ್ತಿ ಮುಟ್ಟಿದ ಮೇಲೆ ಮಾಡುವುದೇನೂ ಉಳಿಯುವುದಿಲ್ಲ. ಅದಕ್ಕಾಗಿ ಕೋಡಿಯನ್ನು ಹೊಸದಾಗಿ ತುಂಬಿದ ಮಣ್ಣಿನಲ್ಲಿ ಬಿಡದೆ ಪಕ್ಕದ ಗಟ್ಟಿನೆಲದಲ್ಲಿ ಕಡಿದು, ನೀರು ಧುಮುಕುವ ಕಡೆ ದಪ್ಪ ಕಲ್ಲು ಹಾಸುತ್ತಾರೆ.

ಅಮೆರಿಕ 1977ರಲ್ಲಿ ತಂದ ಗಣಿ ಕಾಯ್ದೆಯ ನಿಯಮಗಳಲ್ಲಿ, ಸಣ್ಣ ಗುಂಡಿಗಳ ಕೋಡಿ 25 ವರ್ಷಕ್ಕೊಮ್ಮೆ ಬರುವ 6 ಗಂಟೆಯ ಮಳೆಯನ್ನು ದಾಟಿಸಬೇಕೆಂದಿದೆ. ಇಂಥ ಮಳೆ ಒಮ್ಮೆ ಬಂದು ಹೋದರೆ ಇನ್ನು 25 ವರ್ಷ ನಿಶ್ಚಿಂತೆ ಎಂದು ಓದಿದವರೂ ಹೇಳುವುದನ್ನು ಕೇಳಿ ಬೇಸರವಾಗುತ್ತದೆ. ಪ್ರತಿ ವರ್ಷವೂ ಅದು ಬರುವ ಸಂಭವ ಶೇಕಡ 4, ಹೋದ ವರ್ಷ ಬಂದಿದ್ದರೂ ಅಷ್ಟೇ. 20 ವರ್ಷ ನಡೆಯುವ ಗಣಿಯಲ್ಲಿ ಒಮ್ಮೆಯಾದರೂ ಅದನ್ನೋ ಅದಕ್ಕೂ ಮೀರಿದ ಮಳೆಯನ್ನೋ ಕಾಣುವ ಸಂಭವ ಶೇಕಡ 56.

ಕೋಡಿ ದಾಟಿಸುವ ನೀರು, ಅದರ ಮೇಲೆ ಹರಿಯುವ ನೀರಿನ ಎತ್ತರದ ಒಂದೂವರೆ ಘಾತವನ್ನು ಅನುಸರಿಸುತ್ತದೆ. 10 ಮೀಟರ್ ಅಗಲದ ಕೋಡಿಯ ಮೇಲೆ, ಸುರಕ್ಷಿತವಾಗಿ ಹರಿಯಬಹುದಾದ ಗರಿಷ್ಠ ಎತ್ತರವೆಂದುಕೊಂಡ ಅರ್ಧ ಮೀಟರ್ ನೀರು ಹರಿದರೆ ಸೆಕೆಂಡಿಗೆ ಸುಮಾರು 6 ಘನಮೀಟರ್ ಹೊರಹೋಗುತ್ತದೆ. ಇನ್ನಷ್ಟು ನೀರು ನಿಲ್ಲಲಿ ಎಂಬ ಆಸೆಗೆ ಯಾರಾದರೂ ಆ ಕೋಡಿಗೆ 30 ಸೆಂಟಿಮೀಟರ್ ಎತ್ತರಕ್ಕೆ ಮರಳುಮೂಟೆ ಅಡ್ಡವಿಟ್ಟರೆ, ಏರಿಯ ನೆತ್ತಿ ಇದ್ದಲ್ಲೇ ಇರುವುದರಿಂದ, ಸುರಕ್ಷಿತವಾಗಿ ಹರಿಯಬಹುದಾದ ಎತ್ತರ 20 ಸೆಂಟಿಮೀಟರಿಗೆ ಇಳಿಯುತ್ತದೆ, ಕೋಡಿ ದಾಟಿಸುವ ನೀರು ಸೆಕೆಂಡಿಗೆ ಒಂದೂವರೆ ಘನಮೀಟರಿಗೆ ಬೀಳುತ್ತದೆ.